ಪೊರಕೆ ಹಲಗೆ

ರೆಗೀನೆ ಬಾಗಿಲು ತೆರೆದಾಗ, ಕೆಳಮನೆಯ ಕ್ರೆಸೆಂಟಿಯಾ ಅಜ್ಜಿ ಪೊರಕೆಯ ಚಿತ್ರವಿದ್ದ ಹಲಗೆಯನ್ನು ಕಂಕುಳಲ್ಲಿ ಅವುಚಿಕೊಂಡು ಅವಳ ಬಾಗಿಲು ದಾಟಿ ಮೇಲಿನ ಮನೆಗೆ ಮೆಟ್ಟಿಲು ಹತ್ತುತ್ತಿದ್ದಳು. ನೆಕಾರ್ ನದಿಯ ದಂಡೆಯ ಆ ಪುಟ್ಟ ಊರಿನಲ್ಲಿ ಅಜ್ಜಿಯ ಅಜ್ಜಿಯ ಕಾಲದಿಂದಲೂ ಹಾಗೆಯೇ. ಹಲಗೆ ಯಾರ ಬಾಗಿಲಲ್ಲಿ ತೂಗುತ್ತದೋ, ಮೆಟ್ಟಿಲು, ಬೀದಿ ಗುಡಿಸುವ ಸರದಿ ಆ ವಾರ ಅವರದು. ಗಂಡ ಲೊರೆನ್ಸ್ ತೀರಿಕೊಂಡ ಮೇಲೆ ಮೂರು ಸುತ್ತು ಕಳೆದರೂ ಅದು ರೆಗೀನೆಯ ಬಾಗಿಲಿಗೆ ಬಂದಿರಲಿಲ್ಲ. ಅವನ ಜೊತೆ ತನ್ನನ್ನೂ ಲೆಕ್ಕದಿಂದ ಬಿಟ್ಟರೇನೋ ಎಂದು ಅವಳಿಗೆ ಅನ್ನಿಸತೊಡಗಿತ್ತು.

"ಅಜ್ಜಿ, ಈ ವಾರ ನಂದಲ್ವಾ?"

"ಇರ್ಲಿ ಬಿಡು ಮಗಳೇ. ನಿನ್ನ ಪಾಲಿಂದೂ ನಾನೇ ಗುಡಿಸ್ತಿದೀನಿ."

"ನಾನಿನ್ನೂ ಇಲ್ಲೇ ಇದೀನಲ್ಲ ಅಜ್ಜಿ."

ಅಜ್ಜಿ ಅವಳ ಮುಖವನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಇಳಿದು ಬಂದು, ಹಲಗೆಯನ್ನು ಅವಳ ಬಾಗಿಲಿನ ಮೊಳೆಗೆ ತೂಗುಹಾಕಿದಳು.

ಶನಿವಾರ ರೆಗೀನೆ ಬೀದಿಯವರೆಗೂ ಗುಡಿಸಿದಳು. ಅಜ್ಜಿ ಕನ್ನಡಕ ಏರಿಸಿಕೊಂಡು ಬಂದು, ಮೆಟ್ಟಿಲಿನ ಮೂಲೆಯಲ್ಲಿ ಬೆರಳಾಡಿಸಿದಳು.

"ಇದನ್ನ ಗುಡಿಸೋದು ಅಂತಾರಾ? ನಿನ್ನ ಗಂಡಾನೂ ಹೀಗೇ, ಮೂಲೆ ಕಂಡ್ರೆ ಓಡ್ತಿದ್ದ. ಇನ್ನೊಂದ್ಸಲ ಗುಡಿಸು."

ರೆಗೀನೆ ಪೊರಕೆ ಎತ್ತಿಕೊಂಡಳು. ಎಷ್ಟೋ ದಿನಗಳ ಮೇಲೆ ಅವಳನ್ನು ಯಾರೋ ಬೈದಿದ್ದರು.