ಬೂದಮ್ಮನ ಪಥ್ಯ

"ಆ ಡಾಕ್ಟರಿಗೆ ತಲೆ ನೆಟ್ಟಗಿಲ್ಲ," ಎನ್ನುತ್ತ ಅವಳು ಚಪ್ಪಲಿ ಕಳಚಿ, ಕೈಯಲ್ಲಿದ್ದ ಬುಟ್ಟಿಯನ್ನು ಮೇಜಿನ ಮೇಲಿಟ್ಟಳು. "ಬೂದಮ್ಮ ಬಸುರಿ ಇರಬಹುದಂತೆ! ನಮ್ಮ ಮನೇಲಿ ಗಂಡೇ ಇಲ್ಲ, ಗಾಳಿಗೆ ಬಸುರಾಗ್ತಾಳಾ ಅಂತ ಕೇಳಿ ಜಗಳ ಆಡ್ಕೊಂಡೇ ಬಂದೆ."

ಬುಟ್ಟಿಯ ಜಾಲರಿಯಿಂದ ಬೂದಮ್ಮ ಮೂಗು ಹೊರಚಾಚಿತು. ಅದೊಂದು ಚಿಂಚಿಲ್ಲಾ. ಇಲಿಯ ಕಿವಿ, ಅಳಿಲಿನ ಬಾಲ, ಮೊಲದ ಮರಿಯಷ್ಟು ಗಾತ್ರ, ಬೆರಳಿಟ್ಟರೆ ಹುದುಗಿಹೋಗುವಷ್ಟು ದಟ್ಟವಾದ ಬೂದು ರೋಮ.

ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಗಂಡ ತಲೆ ಎತ್ತಲಿಲ್ಲ. ಕಿತ್ತಳೆ ಸುಲಿಯುತ್ತ ಕೂತಿದ್ದ ಮೈದುನ ಮಾತ್ರ ಫಕ್ಕನೆ ನಕ್ಕ. "ಹಾಗಾದ್ರೆ ಕೆಲಸ ಆಯ್ತು ಅನ್ನಿ ಅತ್ತಿಗೆ!"

"ಯಾವ ಕೆಲಸ?"

ಮೈದುನ ಅಣ್ಣನ ಕಡೆ ನೋಡಿದ. ಅಣ್ಣ ಅಂಗಿಯ ಕಾಲರಿನಲ್ಲಿ ಮುಳುಗಿದ್ದ. "ಅಣ್ಣ ಹೇಳಿಲ್ವಾ? ನೀವು ಟ್ರೈನಿಂಗ್‌ಗೆ ಅಂತ ಹೋಗಿದ್ರಲ್ಲ, ಆವಾಗ ಇವಳು ಮುಖ ಸಣ್ಣ ಮಾಡ್ಕೊಂಡು ಮೂಲೇಲಿ ಕೂತುಬಿಟ್ಟಿದ್ಲು. ನನ್ನ ಫ್ರೆಂಡ್ ಹತ್ರ ಒಂದು ಗಂಡಿದೆ. ಜೊತೆ ಸಿಕ್ಕಿದ ಹಾಗಾಗುತ್ತೆ ಅಂತ ಅಲ್ಲಿ ಬಿಟ್ಟಿದ್ದೆ, ನೀವು ಬರೋದರೊಳಗೆ ಕರ್ಕೊಂಡು ಬಂದೆ. 'ಅವಳಿಗೆ ನಾನು ಹೇಳ್ತೀನಿ, ನೀನು ಸುಮ್ನಿರು' ಅಂತ ಅಣ್ಣನೇ ಅಂದಿದ್ದ."

ಅವಳು ನಡೆದುಹೋಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿದಳು. ಗಂಡ ಈಗ ತಲೆ ಎತ್ತಲೇಬೇಕಾಯಿತು.

"ಹೌದೇನ್ರೀ?"

"ಹೇಳ್ಬೇಕು ಅಂತಾನೇ ಇದ್ದೆ ಕಣೇ. ನೀನು ಸುಸ್ತಾಗಿ ಬಂದಿದ್ದೆ. ಆಮೇಲೆ, ಏನೂ ಆಗಿರಲಿಕ್ಕಿಲ್ಲ, ಸುಮ್ನೆ ಮನೇಲಿ ರಂಪ ಯಾಕೆ ಅಂತ…"

ಕನ್ನಡಕದ ಕಾರ್ಖಾನೆಯಲ್ಲಿ ಮಸೂರಗಳ ತಪಾಸಣೆ ಅವಳ ಕೆಲಸ. ಇತರರ ಕಣ್ಣಿಗೆ ಬೀಳದ ಗೀರು ಅವಳ ಕಣ್ಣಿಗೆ ಬೀಳುತ್ತಿತ್ತು. ಬೂದಮ್ಮನನ್ನೂ ಹಾಗೇ ನೋಡಿಕೊಂಡಿದ್ದಳು. ಪ್ರತಿ ಭಾನುವಾರ ಅಡುಗೆಮನೆಯ ತಕ್ಕಡಿಯಲ್ಲಿ ಕೂರಿಸಿ ತೂಗುವಳು. ಟ್ರೈನಿಂಗ್ ಮುಗಿಸಿ ಬಂದ ಮೇಲೆ ತೂಕ ಏರತೊಡಗಿತು. ಬೊಜ್ಜು ಎಂದು ತೀರ್ಮಾನಿಸಿ ಕಾಳುಗಳನ್ನು ಅರ್ಧಕ್ಕೆ ಇಳಿಸಿದಳು. ಆಗಲೂ ಏರಿತು, ಆ ಅರ್ಧದಲ್ಲೂ ಅರ್ಧ ಮಾಡಿದಳು. ಮೈ ಕರಗಲಿ ಎಂದು ಓಡುವ ಚಕ್ರ ತಂದಳು. ಸ್ಕ್ರೂಡ್ರೈವರ್ ಹಿಡಿದು ಅದನ್ನು ಗೂಡಿನೊಳಗೆ ಕೂರಿಸಿಕೊಟ್ಟವನು ಈ ಗಂಡನೇ.

"ಭಾನುವಾರ ಭಾನುವಾರ ಅವಳನ್ನ ತಕ್ಕಡೀಲಿ ಕೂರಿಸಿ ತಿಂಡಿಪೋತಿ ಅಂತ ಬಯ್ತಿದ್ದೆ. ಪಕ್ಕದಲ್ಲೇ ಪೇಪರ್ ಓದ್ತಾ ಕೂತಿರ್ತಿದ್ರಿ. ಬಟ್ಟಲಿನಿಂದ ಕಾಳು ವಾಪಸ್ ತೆಗೆದಿದ್ದನ್ನ ನೋಡ್ತಿದ್ರಿ. ನೋಡ್ತಿದ್ರಿ ತಾನೇ?"

"ಪಾಪ ಅನ್ನಿಸ್ತಿತ್ತು. ಅದಕ್ಕೇ ನೀನು ಇಲ್ಲದಾಗ ಒಂದೆರಡು ಒಣದ್ರಾಕ್ಷಿ…"

"ದ್ರಾಕ್ಷಿ!" ಅವಳ ದನಿ ಒಡೆಯಿತು. "ಅದರ ಸಕ್ಕರೆ ಇವಳ ಕರುಳಿಗೆ ಆಗಲ್ಲ ಅಂತ ನಿಮಗೆ ಎಷ್ಟು ಸಲ ಬಡ್ಕೊಂಡಿದ್ದೀನಿ? ನೀವು ಕದ್ದು ತಿನ್ನಿಸೋದು, ನಾನು ತೂಕ ನೋಡಿ ಇನ್ನೂ ಕಮ್ಮಿ ಮಾಡೋದು! ಡಾಕ್ಟರು ಏನಂದ್ರು ಗೊತ್ತಾ? ಬೆನ್ನುಮೂಳೆ ಕೈಗೆ ಚುಚ್ಚುತ್ತೆ, ಹೊಟ್ಟೆ ಮಾತ್ರ ಬೆಳೆದಿದೆ, ಇದನ್ನ ಉಪವಾಸ ಕೆಡವಿದೋರು ಯಾರು ಅಂದ್ರು. ನಾನು ಎದೆ ಸೆಟೆಸಿ 'ಉಪವಾಸ ಅಲ್ಲ, ಪಥ್ಯ' ಅಂದೆ. ಹೊಟ್ಟೇಲಿ ಮರಿ ಇದ್ರೆ ಅವು ತಾಯಿ ಮೈಯಿಂದಲೇ ಕಿತ್ಕೊಂಡು ಬೆಳೀತಾವಂತೆ. ಹೆರೋ ಹೊತ್ತಿಗೆ ತಾಯಿಗೆ ತ್ರಾಣ ಉಳೀದೆ ಇರಬಹುದು ಅಂದ್ರು. ಆ 'ಇದ್ರೆ' ಅನ್ನೋದೊಂದನ್ನೇ ಗಟ್ಟಿಯಾಗಿ ಹಿಡ್ಕೊಂಡು ಮನೆಗೆ ಬಂದೆ ನಾನು."

"ಟೆನ್ಶನ್ ಮಾಡ್ಕೋಬೇಡಿ ಅತ್ತಿಗೆ," ಎಂದ ಮೈದುನ, ಕಿತ್ತಳೆಯ ತೊಳೆಯೊಂದನ್ನು ಚಾಚುತ್ತ. "ಮರಿಗಳು ಕಣ್ಣು ಬಿಟ್ಕೊಂಡೇ ಹುಟ್ತಾವಂತೆ. ಎಷ್ಟು ಮುದ್ದಾಗಿರ್ತಾವೆ!"

"ಮುಚ್ಚು ಬಾಯಿ. ನಿಮ್ಮಿಬ್ಬರ ಥರ ಕಣ್ಣು ಬಿಟ್ಕೊಂಡೇ ಕುರುಡಾಗಿರದಿದ್ರೆ ಸಾಕು."

ಮೈದುನ ತೊಳೆಯನ್ನು ತನ್ನ ಬಾಯಿಗೇ ಹಾಕಿಕೊಂಡು ಎದ್ದುಹೋದ.

"ತಪ್ಪಾಯ್ತು ಕಣೇ," ಗಂಡ ಮೆಲ್ಲಗೆ ಅಂದ. "ಇವತ್ತಿಂದ ಚೆನ್ನಾಗಿ ತಿನ್ನಿಸಿದ್ರೆ ಸರಿಹೋಗುತ್ತೆ ಬಿಡು."

"ಒಂದು ಮಾತು ಸಾಕಿತ್ತು ರೀ. ಕದ್ದು ದ್ರಾಕ್ಷಿ ತಿನ್ನಿಸೋಕೆ ಪಟ್ಟ ಪಾಡಲ್ಲಿ ಅರ್ಧ ಪಟ್ಟಿದ್ರೂ ಆ ಮಾತು ಹೇಳಿ ಮುಗೀತಿತ್ತು."

ಚಕ್ರ ಬಿಚ್ಚೋಣವೆಂದು ಸ್ಕ್ರೂಡ್ರೈವರ್ ತರಲು ಹೊರಟವನನ್ನು ಅವಳು ಕೈಯಡ್ಡ ಹಿಡಿದು ತಡೆದಳು. ತಾನೇ ತಂದು, ತಾನೇ ತಿರುಪು ಬಿಚ್ಚಿ, ಚಕ್ರವನ್ನು ಗೂಡಿನಿಂದ ಎಳೆದು ಹಾಕಿದಳು. ಹೊಸ ಹುಲ್ಲು ತುರುಕಿದಳು. ಬಟ್ಟಲಿನ ತುಂಬ ಕಾಳು ಸುರಿದಳು. ಕೆಲವು ಚೆಲ್ಲಿ ನೆಲದ ಮೇಲೆ ಉರುಳಿದವು. ಬುಟ್ಟಿ ತೆರೆದು ಬೂದಮ್ಮನನ್ನು ಎರಡೂ ಅಂಗೈಗಳಲ್ಲಿ, ಹೊಟ್ಟೆ ಒತ್ತದಂತೆ ಎತ್ತಿ ಒಳಗಿಟ್ಟಳು. ಅದು ಮೂಲೆಗೆ ಸರಿಯಿತು. ಅವಳು ಬಗ್ಗಿ, ಬಟ್ಟಲನ್ನು ಅದರ ಹತ್ತಿರಕ್ಕೆ ತಳ್ಳಿದಳು.

"ತಿನ್ನಮ್ಮ. ಎಲ್ಲಾ ನಿಂದೇ, ತಿನ್ನು."

ಬೂದಮ್ಮ ಬಟ್ಟಲನ್ನು ನೋಡಲಿಲ್ಲ, ಆ ಕೈಯನ್ನೇ ನೋಡಿತು. ಹಿಂಗಾಲಿನ ಮೇಲೆ ನೆಟ್ಟಗೆ ನಿಂತು, ಹಲ್ಲು ಕಟಕಟಿಸಿ, ಕೊಳವೆಯಿಂದ ಬಿಟ್ಟ ಹಾಗೆ ಮೂತ್ರ ಚಿಮ್ಮಿಸಿತು. ಹೆಣ್ಣು ಚಿಂಚಿಲ್ಲಾಗೆ ಸಿಟ್ಟು ನೆತ್ತಿಗೇರಿದರೆ ಹೀಗೆ ಮಾಡುತ್ತದೆಂದು ಅವಳು ಓದಿದ್ದಳು. ಬೂದಮ್ಮ ಎಂದೂ ಮಾಡಿರಲಿಲ್ಲ. ಆ ಧಾರೆ ಅವಳ ಕೆನ್ನೆಗೆ ಬಡಿದು ಕುತ್ತಿಗೆಗೆ ಇಳಿಯಿತು.

ಗಂಡ ಗಾಬರಿಯಲ್ಲಿ ಇಸ್ತ್ರಿ ಹಾಕಿದ ಅಂಗಿಯನ್ನೇ ಹಿಡಿದು ಒರೆಸಲು ಓಡಿಬಂದ. ಅವಳು ಅವನ ಕೈಯನ್ನು ಪಕ್ಕಕ್ಕೆ ಸರಿಸಿದಳು.

"ಇರಲಿ ಬಿಡಿ," ಎಂದಳು. "ಈ ಮನೇಲಿ ನನಗೆ ನೇರವಾಗಿ ಹೇಳಿದೋಳು ಇವಳೊಬ್ಬಳೇ."