ಮುನ್ನೂರು ಮೀಟರ್ ಬೀದಿ

ಕಂಪ್ಯೂಟರ್ ಲ್ಯಾಬಿನಲ್ಲಿ ಪೈತಾನ್ ಕಲಿಯಲು ಶುರುಮಾಡಿ ಎರಡೇ ವಾರವಾಗಿದ್ದ ಹುಡುಗಿಯ ಪ್ರೋಗ್ರಾಂ, ಅವಳ ಮನೆಯಿಂದ ಬಸ್ ಸ್ಟ್ಯಾಂಡಿಗೆ ಅತಿ ಹತ್ತಿರದ ದಾರಿ ಎರಡು ಕಿಲೋಮೀಟರ್ ಎಂದಿತು. ಮೇಷ್ಟರಿಗೆ ಪಿತ್ತ ನೆತ್ತಿಗೇರಿತು. ಆ ಊರಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತಿಲ್ಲವೇ?

"ಕೆರೆ ಏರಿ ಸುತ್ತಿಸ್ತಿದೆಯಲ್ಲೇ! ನಮ್ಮನೆ ಬೀದೀಲಿ ಬಂದ್ರೆ ಬರೀ ಮುನ್ನೂರು ಮೀಟರ್. ಕೋಡ್ ತಪ್ಪು."

"ಕೋಡ್ ಸರಿ ಇದೆ ಸರ್."

ಎದುರುತ್ತರ ಬೇರೆ! ಅವರೇ ಕೀಬೋರ್ಡ್ ಎಳೆದುಕೊಂಡು ನೋಡಿದರು. ಆ ಬೀದಿಯ ಉದ್ದ ಒಂಬತ್ತು ಲಕ್ಷ ಮೀಟರ್ ಎಂದು ಅವಳು ಬರೆದಿದ್ದಳು.

"ಬುದ್ಧಿ ಇದೆಯಾ? ಇಷ್ಟು ಹಾಕಿದ್ರೆ ಪ್ರೋಗ್ರಾಂ ಆ ಬೀದಿ ಕಡೆ ಸುಳಿಯೋದೇ ಇಲ್ಲ. ಈ ಲೆಕ್ಕ ಯಾವನೇ ನಿಂಗೆ ಹೇಳಿಕೊಟ್ಟೋನು?"

ಲ್ಯಾಬೆಲ್ಲ ತಿರುಗಿ ನೋಡಿತು. ಹುಡುಗಿ ತಲೆ ತಗ್ಗಿಸಲಿಲ್ಲ.

"ನಮ್ಮ ಕೇರಿಯೋರು ಆ ಬೀದಿ ತುಳೀಬಾರ್ದು ಅಂತ ಮೊನ್ನೆ ಕೋಲು ಹಿಡ್ಕೊಂಡು ಅಡ್ಡ ನಿಂತಿದ್ದು ನಿಮ್ಮ ತಂದೇನೇ, ಸರ್."