ತಾಳಿಸರದ ಕ್ಲೇ ಮಣಿ

ಪಾಲಿಮರ್ ಕ್ಲೇಯನ್ನು ಅಂಗೈಯಲ್ಲಿ ಉರುಳಿಸಿ, ಸೂಜಿಯಿಂದ ತೂತು ಮಾಡಿ, ಓವನ್ನಿನಲ್ಲಿ ಬೇಯಿಸಿ, ಸರ ಪೋಣಿಸಿ ಮಾರುವುದು ಸೊಸೆಯ ಕೆಲಸ. ಅತ್ತೆ ಅದಕ್ಕೆಂದೂ ಅಡ್ಡ ಬಂದವರಲ್ಲ. ಆದರೆ ಇವತ್ತು ಸೊಸೆಯ ತಾಳಿಸರದಲ್ಲೇ ಅಂಥ ಮಣಿಗಳನ್ನು ಕಂಡು ಕೆಂಡವಾದರು.

"ಕರಿಮಣಿಗೂ ನಿನ್ನ ಕ್ಲೇ ಸೇರಿಸಿದ್ದೀಯಲ್ಲೇ! ದೇವರ ಭಯ ಬೇಡ್ವಾ ಮುತ್ತೈದೆಗೆ? ನಾವು ಹಾಕಿದ ಮಣಿ ಏನ್ ಮಾಡ್ದೆ?"

"ಮಂಚದ ಕೆಳಗೆ ಹುಡುಕಿ, ಸಿಗಬಹುದು."

"ಕಿತ್ತು ಎಸೆದ್ಯಾ? ಎಷ್ಟು ಸೊಕ್ಕೇ ನಿನಗೆ!"

"ಕಿತ್ತಿದ್ದು ನಾನಲ್ಲ ಅತ್ತೆ, ನಿಮ್ಮ ಮಗ. ನನ್ನ ಕುತ್ತಿಗೆ ಹಿಸುಕುವಾಗ." ಸೊಸೆ ಸೆರಗು ಸರಿಸಿ ಕೊರಳು ತೋರಿಸಿದಳು.

ಅತ್ತೆ ಎದ್ದು ಹೋಗಿ ಬಾಗಿಲು ಹಾಕಿ ಬಂದರು. ದನಿ ತಗ್ಗಿಸಿದರು.

"ಇನ್ನೊಂದಿಷ್ಟು ಮಾಡಿಟ್ಟುಕೋ. ಹೊಳಪು ಮಾತ್ರ ಸರಿಯಾಗಿ ಬರ್ಲಿ, ಯಾರಿಗೂ ಗೊತ್ತಾಗಬಾರ್ದು."